ಹಳೇ ತೊಟ್ಟಿಲು, ಮೂರು ಗಾಲಿ ಬಂಡಿ ಮತ್ತು ಒಂದು ಸಣ್ಣ ಲೆಕ್ಕ

ಕೈಯಿಂದ ಮಾಡಿದ, ಕಟ್ಟಿಗೆಯ, ಆದರೆ ಹೊಸದಲ್ಲದ ಮಕ್ಕಳ ಸಾಮಾನು ಎಲ್ಲಿ ಸಿಗುತ್ತೆ? ಜೇವರ್ಗಿ ಕಾಲೋನಿಯಲ್ಲಿರೋ ನಮ್ಮ ಅಕ್ಕ ನನಗೆ ಹಚ್ಚಿದ ಕೆಲಸ ಇದು. ಅವಳ ಮಗಳಿಗೆ ಈಗ ಒಂದು ವರ್ಷ ತುಂಬಿದೆ. ಪುಟ್ಟ ಮೇಜು, ಪುಟ್ಟ ಕುರ್ಚಿ, ಆಟದ ಒಲೆ, ತಳ್ಳಿಕೊಂಡು ಓಡಾಡೋಕೆ ಒಂದು ಬಂಡಿ... ಇಷ್ಟು ಪಟ್ಟಿ. ಬೆಂಗಳೂರಿನಲ್ಲಿ ಕೋಡ್ ಬರೆಯೋ ತಮ್ಮ ಅಂದ್ರೆ ಇಂಟರ್ನೆಟ್ಟಿನಲ್ಲಿ ಏನು ಬೇಕಾದ್ರೂ ಹುಡುಕಿ ಕೊಡ್ತಾನೆ ಅಂತ ಅವಳ ನಂಬಿಕೆ :) ಹುಡುಕ್ತಾ ಹೋದ ಹಾಗೆ ಸಾಮಾನಿಗಿಂತ ಅದರ ಇತಿಹಾಸವೇ ಜಾಸ್ತಿ ಸಿಕ್ಕಿತು. ಅದನ್ನೇ ಇಲ್ಲಿ ಹಂಚಿಕೊಳ್ತಿದ್ದೀನಿ.

ಮೊದಲು ಒಂದು ವಿಚಿತ್ರ ಗಮನಕ್ಕೆ ಬಂತು. ಮಕ್ಕಳ ಅಳತೆಯ ಮೇಜು ಕುರ್ಚಿ ಅನ್ನೋದು ನಮ್ಮ ಹಳೇ ಮನೆಗಳಲ್ಲಿ ಇರಲೇ ಇಲ್ಲ. ಯಾಕೆ ಅಂತ ಯೋಚಿಸಿದ್ರೆ ಉತ್ತರ ಸರಳ. ದೊಡ್ಡವರಿಗೇ ಕುರ್ಚಿ ಇರಲಿಲ್ಲವಲ್ಲ! ಎಲ್ಲರೂ ನೆಲದ ಮೇಲೆ, ಇಲ್ಲಾ ಒಂದು ಮಣೆಯ ಮೇಲೆ ಕೂತು ಊಟ ಮಾಡೋ ಮನೆಯಲ್ಲಿ ಕೂಸೂ ಅಜ್ಜನೂ ಒಂದೇ ಎತ್ತರ. ಬೀಸೋಕಲ್ಲು, ಒಲೆ, ಒಳಕಲ್ಲು ಎಲ್ಲ ನೆಲದ ಮಟ್ಟದಲ್ಲೇ ಇದ್ದವು. ಮನೆಗೆ ಮೇಜು ಕುರ್ಚಿ ಬಂದ ದಿನವೇ ಮಗು ಗಿಡ್ಡ ಆಗಿದ್ದು. ಆಮೇಲೆ ಅದಕ್ಕೆ ಬೇರೆ ಅಳತೆಯ ಸಾಮಾನು ಬೇಕಾಯ್ತು.

ಯುರೋಪಿನಲ್ಲಿ ಕುರ್ಚಿ ಮೊದಲಿನಿಂದ ಇತ್ತು, ಹಾಗಾಗಿ ಈ ತೊಂದರೆಯೂ ಮೊದಲೇ ಇತ್ತು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ಮಕ್ಕಳ ಮನೆ ಶುರು ಮಾಡಿದರು. ಶಾಲೆಗಳ ಭಾರವಾದ ಬೆಂಚುಗಳ ಬದಲು, ಮಗು ತಾನೇ ಎತ್ತಿಕೊಂಡು ಹೋಗಬಹುದಾದ ಹಗುರ ಮೇಜು, ಹಗುರ ಕುರ್ಚಿ ಮಾಡಿಸಿದರು. ಅದೇ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು, ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದರು. ಇವತ್ತು ಗಲ್ಲಿಗೊಂದರಂತೆ ಇರೋ ಮಾಂಟೆಸ್ಸರಿ ಬೋರ್ಡುಗಳಿಗೆ ಅವರು ಇಲ್ಲಿ ಕಳೆದ ವರ್ಷಗಳು ದೊಡ್ಡ ಕಾರಣ. ಅಕ್ಕನ ಪಟ್ಟಿಯ ಮೇಜು ಕುರ್ಚಿ ಆ ಕಡೆಯಿಂದ ಬಂದದ್ದು ಅನ್ನಬಹುದು.

ಹಾಗಾದ್ರೆ ನಮ್ಮದು ಅಂತ ಏನಿತ್ತು? ಮುಖ್ಯವಾಗಿ ಎರಡು. ತೊಟ್ಟಿಲು ಮತ್ತು ಬಂಡಿ.

ಬಂಡಿ ಬಹಳ ಹಳೇದು. ಹರಪ್ಪ, ಮೊಹೆಂಜೊದಾರೊ ಅಗೆದಾಗ ಸಿಕ್ಕ ಆಟಿಕೆಗಳಲ್ಲಿ ಮಣ್ಣಿನ ಪುಟ್ಟ ಗಾಡಿಗಳಿವೆ, ನಾಲ್ಕು ಸಾವಿರ ವರ್ಷಕ್ಕಿಂತ ಹಳೇವು. ಶೂದ್ರಕನ ಸಂಸ್ಕೃತ ನಾಟಕ ಮೃಚ್ಛಕಟಿಕದ ಹೆಸರಿನ ಅರ್ಥವೇ ಮಣ್ಣಿನ ಬಂಡಿ. ಬಡವನಾದ ಚಾರುದತ್ತನ ಮಗ, ಪಕ್ಕದ ಮನೆ ಹುಡುಗನ ಚಿನ್ನದ ಬಂಡಿಯಲ್ಲಿ ಆಡಿ ಬಂದು, ನನಗೆ ಈ ಮಣ್ಣಿನದು ಬೇಡ ಅಂತ ಹಟ ಹಿಡೀತಾನೆ. ವಸಂತಸೇನೆ ತನ್ನ ಒಡವೆ ಬಿಚ್ಚಿ ಆ ಬಂಡಿಯ ತುಂಬ ಹಾಕಿಬಿಡ್ತಾಳೆ. ಮುಂದೆ ಅದೇ ಒಡವೆಗಳು ನ್ಯಾಯಾಲಯದಲ್ಲಿ ಚಾರುದತ್ತನ ಕುತ್ತಿಗೆಗೇ ಬರುತ್ತವೆ. ಗಿರೀಶ ಕಾರ್ನಾಡರ 1984ರ ಹಿಂದಿ ಸಿನಿಮಾ ಉತ್ಸವ್ ಇದೇ ಕಥೆ ಆಧರಿಸಿದ್ದು. ಒಂದು ಆಟಿಕೆಯ ಹೆಸರನ್ನೇ ಇಡೀ ನಾಟಕಕ್ಕೆ ಇಟ್ಟ ಆ ಕವಿಗೆ ಮಕ್ಕಳ ಹಟ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ.

ನಮ್ಮ ಕಡೆ ಮಣ್ಣಿಗೂ ಕಟ್ಟಿಗೆಗೂ ಕೆಲಸ ಬೇರೆ ಬೇರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ, ಪೂಜೆ ಮಾಡಿ, ನೀರಿಗೆ ಬಿಡ್ತೀವಿ. ಮಣ್ಣಿನದು ಆ ವರ್ಷಕ್ಕೆ ಮುಗೀತು. ಕಟ್ಟಿಗೆಯದು ಮುಗಿಯೋದಿಲ್ಲ. ಕೂಸು ನಡೆಯೋದು ಕಲಿಯೋ ಮೂರು ಗಾಲಿ ಬಂಡಿಯನ್ನು ಊರಿನ ಬಡಿಗೇರರು ಮಾಡಿಕೊಡ್ತಿದ್ದರು. ನಮ್ಮದು ಕರಿಮಣ್ಣಿನ ಬಯಲುಸೀಮೆ, ಸಾಗವಾನಿ ಕಾಡು ಎಲ್ಲಿಂದ ಬರಬೇಕು? ಜಾಲಿ, ಬೇವು, ಇವೇ ಗತಿ. ದೊಡ್ಡ ಬಂಡಿ, ಕುಂಟೆ, ಕೂರಿಗೆ ಮಾಡಿ ಉಳಿದ ತುಂಡಿನಲ್ಲಿ ಕೂಸಿನ ಬಂಡಿ ಆಗ್ತಿತ್ತು.

ಕಮಲಾಪುರದ ನಮ್ಮ ಅಜ್ಜಿ ಮನೆಯ ಅಟ್ಟದ ಮೇಲೆ ಇಂಥದೊಂದು ಬಂಡಿಯೂ, ಬಿಚ್ಚಿಟ್ಟ ಒಂದು ತೊಟ್ಟಿಲೂ ಇವೆ ಅಂತ ಅಕ್ಕ ನೆನಪು ಮಾಡಿದಳು. ಅದನ್ನ ಕೇಳೋಕೆ ಫೋನ್ ಮಾಡಿದ್ರೆ ಗೊತ್ತಾಗಿದ್ದು, ಹಳೇ ಸಾಮಾನು ಕೊಳ್ಳೋ ವ್ಯಾಪಾರಿಯೊಬ್ಬ ಆ ತೊಟ್ಟಿಲಿಗೆ ಆಗಲೇ ಬೆಲೆ ಕಟ್ಟಿ ಹೋಗಿದ್ದಾನೆ ಅಂತ! ಕಾಲು ಕೊಯ್ದು, ಮೇಲೊಂದು ಗಾಜು ಹಾಕಿದ್ರೆ ಊರಿನವರ ಬಂಗಲೆಗೆ ಒಳ್ಳೇ ಟೀಪಾಯಿ ಆಗುತ್ತಂತೆ. ಮಾಮಾನಿಗೆ ಮಾರೋ ಮನಸ್ಸು, ಅಟ್ಟ ಖಾಲಿ ಆಗುತ್ತೆ, ನಾಲ್ಕು ದುಡ್ಡೂ ಬರುತ್ತೆ. ಅಜ್ಜಿ ಒಪ್ಪಿರಲಿಲ್ಲ.

"ಅದು ನಮ್ಮ ಮನಿದು ಒಂದೇ ಅಲ್ಲಪಾ, ಓಣಿಂದು. ಓಣ್ಯಾಗಿನ ಎಷ್ಟು ಕೂಸು ಅದ್ರಾಗ ಮಲಗ್ಯಾವ, ನಾ ಒಬ್ಬಾಕಿ ಹ್ಯಾಂಗ ಮಾರಲಿ?" ಅಂದಳು.

ಅಕ್ಕ ಹಳೇ ಸಾಮಾನು ಹುಡುಕ್ತಿದ್ದಾಳೆ ಅಂತ ಹೇಳಿದ್ದಕ್ಕೆ ಅಜ್ಜಿಗೆ ನಗು. "ಕೂಸಿನ ಸಾಮಾನಕ್ಕ ಹಳೇದು ಹೊಸದು ಅಂತ ಇರಂಗಿಲ್ಲ. ಕೂಸು ಹೊಸದು ಇದ್ರ ಸಾಕು."

ಈ ಮಾತು ತಲೆಯಲ್ಲಿ ಕೂತುಬಿಡ್ತು. ಸೆಕೆಂಡ್ ಹ್ಯಾಂಡ್ ಅನ್ನೋ ಪದಕ್ಕೆ ನಮ್ಮಲ್ಲಿ ಒಂದು ಮುಜುಗರ ಇದೆ. ಬೈಕಿಗೆ ಪರವಾಗಿಲ್ಲ, ಬಟ್ಟೆಗೆ ಬೇಡ. ಆದರೆ ತೊಟ್ಟಿಲಿಗೆ ಆ ಪದವನ್ನು ಯಾರೂ ಬಳಸಿದ್ದೇ ಇಲ್ಲ. ಹತ್ತು ಕೂಸು ಮಲಗಿ ಎದ್ದು ಗಟ್ಟಿಯಾಗಿ ಬೆಳೆದ ತೊಟ್ಟಿಲು ಅಂದ್ರೆ ಅದು ಒಳ್ಳೇ ತೊಟ್ಟಿಲು, ಅಷ್ಟೇ.

ತೊಟ್ಟಿಲು ಅಂದಮೇಲೆ ಕಲಘಟಗಿ ನೆನಪಾಗದೇ ಇರೋದು ಹ್ಯಾಗೆ? ಧಾರವಾಡ ಜಿಲ್ಲೆಯ ಕಲಘಟಗಿ ನಮ್ಮಿಂದ ಮುನ್ನೂರು ಕಿಲೋಮೀಟರಿಗಿಂತ ದೂರ. 1956ರ ನವೆಂಬರ್ 1ರವರೆಗೆ ಬೇರೆ ರಾಜ್ಯ ಕೂಡ. ಅದು ಮುಂಬಯಿ ಕಡೆ, ನಾವು ಹೈದರಾಬಾದ್ ಕಡೆ. ಆದರೂ ಕಲಘಟಗಿ ತೊಟ್ಟಿಲಿನ ಹೆಸರು ಕೇಳದ ಮನೆ ಉತ್ತರ ಕರ್ನಾಟಕದಲ್ಲಿ ಸಿಗೋದು ಕಷ್ಟ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ರಾಮಾಯಣ, ಮಹಾಭಾರತ, ಕೃಷ್ಣಲೀಲೆಯ ಚಿತ್ರಗಳು. ಚೊಚ್ಚಲ ಕೂಸಿಗೆ ತವರಿನಿಂದ ತೊಟ್ಟಿಲು ಬರಬೇಕು ಅನ್ನೋದು ಪದ್ಧತಿ. 2018ರ ನವೆಂಬರಿನಲ್ಲಿ ತೀರಿಕೊಂಡ ನಟ ಅಂಬರೀಶ್, ಯಶ್ ಅವರ ಹುಟ್ಟಲಿರೋ ಮಗುವಿಗೆ ಅಂತ ಕಲಘಟಗಿಯಲ್ಲೇ ತೊಟ್ಟಿಲು ಮಾಡಿಸೋಕೆ ಹೇಳಿದ್ದರು, ಅವರು ಹೋದಮೇಲೆ ಅದು ತಲುಪಿತು. ಆ ಸುದ್ದಿ ಓದಿದಾಗ ಎಷ್ಟೋ ಜನರ ಕಣ್ಣು ಒದ್ದೆಯಾಗಿದ್ದವು.

ಅರಗಿನ ಬಣ್ಣದ ಕೆಲಸ ನಮ್ಮಂಥ ಎಂಜಿನಿಯರುಗಳಿಗೆ ಇಷ್ಟ ಆಗೋ ವಿಷಯ. ಅರಗು ಅಂದ್ರೆ ಒಂದು ಜಾತಿಯ ಹುಳು ಮರದ ಕೊಂಬೆಯ ಮೇಲೆ ಬಿಡೋ ಅಂಟು. ಅದಕ್ಕೆ ಬಣ್ಣ ಕಲಸಿ ಕಡ್ಡಿ ಮಾಡ್ತಾರೆ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಲೇತಿಗೆ ಹಾಕಿ ತಿರುಗಿಸ್ತಾ, ಈ ಕಡ್ಡಿ ಒತ್ತಿ ಹಿಡೀತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಕಟ್ಟಿಗೆಗೆ ಹತ್ತಿಕೊಳ್ಳುತ್ತೆ. ಕುಂಚ ಬೇಡ, ಒಣಗಿಸೋದು ಬೇಡ. ಕೊನೆಗೆ ತಾಳೆಗರಿಯಿಂದ ಉಜ್ಜಿದ್ರೆ ಫಳಫಳ! ಕೊಪ್ಪಳ ಜಿಲ್ಲೆಯ ಕಿನ್ನಾಳದ್ದು ಬೇರೆ ದಾರಿ. ಅಲ್ಲಿನ ಚಿತ್ರಗಾರರು ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ತುಂಡುಗಳನ್ನ ಜೋಡಿಸ್ತಾರೆ. ಚನ್ನಪಟ್ಟಣ, ಕಿನ್ನಾಳ ಎರಡೂ ಆಟಿಕೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ.

ಹಳೇದೆಲ್ಲ ಒಳ್ಳೇದು ಅಂತ ಹೇಳೋಕೆ ಹೊರಟಿಲ್ಲ. ಹಳೇ ಸಾಮಾನು ಮನೆಗೆ ತರೋರು ಮೊದಲು ನೋಡಬೇಕಾದ್ದು ಸೀಸ. ನಮ್ಮ ದೇಶದಲ್ಲಿ ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಆದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಮೊದಲು ಎನಾಮೆಲ್ ಪೇಂಟ್ ಬಳಿದ ಕುರ್ಚಿ, ತೊಟ್ಟಿಲು ಇದ್ರೆ ಅನುಮಾನ ಇಟ್ಟುಕೊಳ್ಳೋದೇ ಒಳ್ಳೇದು, ಯಾಕಂದ್ರೆ ಕೂಸು ಮೊದಲು ಮಾಡೋ ಕೆಲಸ ಕಚ್ಚೋದು. ಅರಗೋ ಎನಾಮೆಲ್ಲೋ ತಿಳೀಬೇಕಾದ್ರೆ ಅಡಿಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಉಜ್ಜಿ ನೋಡಿ. ಅರಗು ಕರಗಿ ಹತ್ತಿಗೆ ಅಂಟುತ್ತೆ, ಎನಾಮೆಲ್ ಅಷ್ಟು ಸುಲಭಕ್ಕೆ ಬಿಡೋದಿಲ್ಲ. ಹಾಗಂತ ಅರಗು ಅಂದ ಮಾತ್ರಕ್ಕೆ ಅದರೊಳಗಿನ ಬಣ್ಣ ಒಳ್ಳೇದು ಅಂತಲ್ಲ. ಏನೂ ಬಳಿಯದ ಬರೀ ಕಟ್ಟಿಗೆ ಎಲ್ಲಕ್ಕಿಂತ ವಾಸಿ.

ಎರಡನೇದು ವಾಕರ್. ಮಗುವನ್ನ ನಡುವೆ ಕೂರಿಸೋ, ಸುತ್ತ ಗಾಲಿ ಇರೋ ಪ್ಲಾಸ್ಟಿಕ್ ವಾಕರನ್ನು ಕೆನಡಾ 2004ರಲ್ಲೇ ನಿಷೇಧಿಸಿತು. ಅಲ್ಲಿ ಬಳಸಿದ್ದನ್ನ ಮಾರೋದೂ ಅಪರಾಧ. ಮೆಟ್ಟಿಲಿಂದ ಉರುಳಿ ಬಿದ್ದ ಕೂಸುಗಳು ಅಷ್ಟಿದ್ದವು. ನಮ್ಮ ಮೂರು ಗಾಲಿ ಬಂಡಿಯಲ್ಲಿ ಕೂಸು ಕೂರೋದಿಲ್ಲ, ಹಿಂದೆ ನಿಂತು ತನ್ನ ಕಾಲ ಮೇಲೇ ಭಾರ ಹಾಕಿ ತಳ್ಳುತ್ತೆ. ಎರಡೂ ಒಂದೇ ಅಲ್ಲ. ಆದರೂ ದೊಡ್ಡವರ ಕಣ್ಣು ಅದರ ಮೇಲೆ ಇರಲೇಬೇಕು, ಬಂಡಿ ಮುಂದೆ ಓಡಿದ್ರೆ ಕೂಸು ಮೂಗು ಅಡಿಯಾಗಿ ಬೀಳುತ್ತೆ.

ಈಗ ಆ ಲೆಕ್ಕಕ್ಕೆ ಬರೋಣ. ಒಂದು ಕೂಸಿಗೆ ತೊಟ್ಟಿಲು ಬೇಕಾಗೋದು ಹೆಚ್ಚೆಂದ್ರೆ ಒಂದು ವರ್ಷ. ಗಟ್ಟಿ ತೊಟ್ಟಿಲು ನೂರು ವರ್ಷ ಬಾಳುತ್ತೆ ಅಂತಿಟ್ಟುಕೊಳ್ಳಿ. ಅಟ್ಟದ ಮೇಲೆ ಖಾಲಿ ಕೂತ ವರ್ಷಗಳನ್ನ ಕಳೆದ್ರೂ ಮೂವತ್ತು ಕೂಸಿಗೆ ಆಗುತ್ತೆ. ಮನೆಗಳಿಗೆ ಇದು ಭರ್ಜರಿ ಉಳಿತಾಯ. ಆದರೆ ಮಾಡಿದವನ ಕಡೆಯಿಂದ ನೋಡಿ. ಮೂವತ್ತು ತೊಟ್ಟಿಲಿನ ಜಾಗದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಆರ್ಡರು. ಕೆಲಸ ಚೆನ್ನಾಗಿ ಮಾಡಿದಷ್ಟೂ ಗಿರಾಕಿ ತಿರುಗಿ ಬರೋದಿಲ್ಲ!

ಹಾಗಾದ್ರೆ ಹಿಂದೆ ಬಡಿಗೇರರು ಹ್ಯಾಗೆ ಬದುಕಿದರು? ಅವರು ಆಯಗಾರರು. ಸುಗ್ಗಿಯಲ್ಲಿ ಪ್ರತಿ ಹೊಲದಿಂದ ಇಂತಿಷ್ಟು ಜೋಳ ಅಂತ ಆಯ ಬರ್ತಿತ್ತು. ಅದು ವರ್ಷವಿಡೀ ಮಾಡೋ ಕೆಲಸಕ್ಕೆ, ಎಷ್ಟು ಸಾಮಾನು ಮಾಡಿದ ಅನ್ನೋ ಎಣಿಕೆಗಲ್ಲ. ಮುರಿದ ಕುಂಟೆ ಸರಿ ಮಾಡಿದ್ರೂ ಅಷ್ಟೇ, ಹೊಸದು ಮಾಡಿದ್ರೂ ಅಷ್ಟೇ. ಹಾಗಿದ್ದಾಗ ನೂರು ವರ್ಷ ಬಾಳೋ ಸಾಮಾನು ಮಾಡೋದರಿಂದ ಅವನಿಗೇನೂ ನಷ್ಟ ಇಲ್ಲ, ಮುಂದಿನ ರಿಪೇರಿ ಕೆಲಸ ಕಡಿಮೆ ಆಗೋದು ಲಾಭವೇ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡು, ಅನ್ಯಾಯ ಎಲ್ಲ ಇತ್ತು, ಅದು ತಿರುಗಿ ಬರಲಿ ಅಂತ ನಾನು ಖಂಡಿತ ಹೇಳೋದಿಲ್ಲ. ಆದರೆ ಟ್ರ್ಯಾಕ್ಟರ್ ಬಂತು, ಎತ್ತಿನ ಬಂಡಿ ಹೋಯ್ತು, ಆಯ ನಿಂತಿತು. ಈಗ ಒಂದೊಂದು ಸಾಮಾನು ಮಾರಿಯೇ ಬದುಕಬೇಕು, ಮಾರೋದು ಮಾತ್ರ ನೂರು ವರ್ಷ ಬಾಳೋ ಸಾಮಾನು. ಪ್ಲಾಸ್ಟಿಕ್ ಮಾಡೋರಿಗೆ ಈ ಚಿಂತೆ ಇಲ್ಲ, ಅವರದು ಮುಂದಿನ ಜಾತ್ರೆಯೊಳಗೇ ಮುರಿಯುತ್ತೆ :)

ಅದಕ್ಕೇ ನನಗೆ ಅನ್ನಿಸಿದ್ದು ಇಷ್ಟು. ಮಕ್ಕಳಿಗೆ ಹಳೇ ಸಾಮಾನು ತರೋಣ, ಆದರೆ ಉಳಿದ ದುಡ್ಡಿನಲ್ಲಿ ಒಂದು ಪಾಲು ಅದನ್ನ ರಿಪೇರಿ ಮಾಡೋ ಕೈಗೆ ಹೋಗಲಿ. ಹೊಸದು ಕೊಳ್ಳೋ ಶಕ್ತಿ ಇದ್ದೋರು ಒಂದೇ ಒಂದು ಕೊಂಡು, ಅಟ್ಟಕ್ಕೆ ಹಾಕದೆ ಓಣಿಗೆ ಬಿಡಲಿ. ಟೀಪಾಯಿ ಮಾಡೋನಿಗಂತೂ ಬೇಡ.

ನಾವು ಮಾಡಿದ್ದೂ ಇದನ್ನೇ. ತೊಟ್ಟಿಲು ಮಾರಲಿಲ್ಲ. ಓಣಿಯಲ್ಲಿ ಒಬ್ಬರ ಮಗಳು ಬಾಣಂತನಕ್ಕೆ ಬರೋಳಿದ್ದಾಳಂತೆ, ಅವರಿಗೆ ಹೋಗುತ್ತೆ. ಬಂಡಿಯ ಒಂದು ಗಾಲಿ ಹೋಗಿತ್ತು. ಕಮಲಾಪುರದ ಬಡಿಗೇರರೊಬ್ಬರು ಹೊಸ ಗಾಲಿ ಕೂಡಿಸಿ, ಅಂಚು ತಿಕ್ಕಿ ನುಣುಪು ಮಾಡಿ, ಮೂರು ಗಾಲಿಗೂ ಎಣ್ಣೆ ಬಿಟ್ಟು ಕೊಟ್ಟರು. ಅಳತೆ ಎಲ್ಲಿಂದ ತಗೊಂಡ್ರಿ ಅಂತ ಮಾಮಾ ಕೇಳಿದ್ದಕ್ಕೆ, "ಉಳಿದ ಎರಡು ಗಾಲಿ ಅದಾವಲ್ರಿ" ಅಂದರಂತೆ. ಅಕ್ಕನ ಮಗಳು ಈಗ ಜೇವರ್ಗಿ ಕಾಲೋನಿಯ ಮನೆ ತುಂಬ ಕಿರ್ರ್ ಕಿರ್ರ್ ಅಂತ ತಳ್ಳಿಕೊಂಡು ಓಡಾಡ್ತಿದ್ದಾಳೆ. ಮೇಜು ಕುರ್ಚಿ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅಜ್ಜಿ ಒಂದು ಮಣೆ ಕಳಿಸಿದ್ದಾಳೆ.

ಅಂದ ಹಾಗೆ, ಈ ಮೂರು ಗಾಲಿ ಬಂಡಿಗೆ ನಿಮ್ಮ ಊರಲ್ಲಿ ಏನಂತಾರೆ? ಯಾವ ಕಟ್ಟಿಗೆಯಲ್ಲಿ ಮಾಡ್ತಿದ್ದರು? ಈಗಲೂ ಮಾಡೋರು ಇದ್ದಾರಾ? ಗೊತ್ತಿದ್ರೆ ದಯವಿಟ್ಟು ಬರೀರಿ. ನಿಮ್ಮ ಅಟ್ಟದ ಮೇಲೂ ಒಂದು ಸಲ ಕಣ್ಣು ಹಾಯಿಸಿ.