ಕಾವಲಿನ ಹುಲ್ಲು, ನೆಲದ ಹಕ್ಕಿ: ಸಸ್ಯವೈವಿಧ್ಯದ ಲೆಕ್ಕ ಕುರಿತು

ಗಿಡಗಳ ಬಗೆ ಹೆಚ್ಚಿದಂತೆ ಹಕ್ಕಿಗಳ ಬಗೆಯೂ ಹೆಚ್ಚುತ್ತದೆ ಎಂಬ ಮಾತು ಕಾಡಿನ ಮಟ್ಟಿಗೂ ಪೂರ್ತಿ ಸರಿಯಲ್ಲ. ಹಕ್ಕಿಗಳ ವೈವಿಧ್ಯವನ್ನು ಊಹಿಸಲು ಮರಗಳ ಜಾತಿಯ ಎಣಿಕೆಗಿಂತ ಎಲೆಗಳು ಯಾವ ಯಾವ ಎತ್ತರದಲ್ಲಿ ಹರಡಿವೆ ಎಂಬುದೇ ಹೆಚ್ಚು ನೆರವಾಗುತ್ತದೆಂದು ರಾಬರ್ಟ್ ಮತ್ತು ಜಾನ್ ಮ್ಯಾಕ್‌ಆರ್ಥರ್ 1961ರಲ್ಲಿ ತೋರಿಸಿದರು. ಆದರೆ ಮೊಣಕಾಲೆತ್ತರದ ಹುಲ್ಲಿಗೆ ಅಂತಸ್ತುಗಳೆಲ್ಲಿಂದ ಬರಬೇಕು? ಉತ್ತರ ಅಮೆರಿಕದ ಹುಲ್ಲುಗಾವಲುಗಳನ್ನು ಮುಂದಿಟ್ಟುಕೊಂಡು ಜಾನ್ ರೋಟನ್‌ಬೆರಿ 1985ರಲ್ಲಿ ಈ ವಾದವನ್ನು ಮತ್ತೆ ಕೆದಕಿದರು. ಹಕ್ಕಿಸಮುದಾಯದ ರಚನೆಯಲ್ಲಿ ಗಿಡಗಳ ಆಕಾರಕ್ಕಿಂತ ಅವುಗಳ ಜಾತಿಯ ಪಾತ್ರವೇ ದೊಡ್ಡದಿರಬಹುದು ಎಂಬುದು ಅವರ ನಿಲುವು.

ಬಯಲುಸೀಮೆಯಲ್ಲಿ ಅಮೃತಮಹಲ್ ದನಗಳ ಮೇವಿಗೆ ಮೀಸಲಾಗಿದ್ದ ಕಾವಲುಗಳಲ್ಲಿ ಎರಡೂ ಮಾತು ಬೆರೆತೇ ಇವೆ. ಬೂದುತಲೆಯ ನೆಲಗುಬ್ಬಿ ಗೂಡಿಗೆ ಆರಿಸಿಕೊಳ್ಳುವುದು ಹುಲ್ಲು ತೆಳುವಾದ ಜಾಗ. ಮಣ್ಣಿನಲ್ಲಿ ಒಂದು ಸಣ್ಣ ಗುಳಿ, ಒಳಗೆ ಒಣ ಹುಲ್ಲು, ಅಂಚಿಗೆ ಪುಟ್ಟ ಹರಳುಗಳು. ಹತ್ತು ಹೆಜ್ಜೆ ಆಚೆ ಹುಲ್ಲು ದಟ್ಟವಾಗಿದ್ದರೆ ಅಲ್ಲಿ ಉಲಿಯಕ್ಕಿ. ಒಂದೆರಡು ಜಾಲಿಗಿಡ ಇದ್ದರೆ ಕಳಿಂಗ ಹಕ್ಕಿ ಬರುತ್ತದೆ, ಹಿಡಿದ ಮಿಡತೆಯನ್ನು ಮುಳ್ಳಿಗೆ ಸಿಕ್ಕಿಸುತ್ತದೆ. ರಾಟವಾಳಗಳಿಗೆ ತೆನೆ ಬಲಿತ ಹುಲ್ಲು ಬೇಕು. ನೆಲಗುಬ್ಬಿಯ ಮರಿಗಳಿಗೆ ಬೇಕಾದದ್ದು ಕಾಳಲ್ಲ, ಹುಳು. ಬೇರೆಬೇರೆ ಹುಲ್ಲು, ಹೂಗಿಡಗಳಿದ್ದಲ್ಲಿ ಹುಳುಗಳ ಬಗೆಯೂ ಹೆಚ್ಚು. ಸಸ್ಯವೈವಿಧ್ಯ ಹಕ್ಕಿಯನ್ನು ಮುಟ್ಟುವ ಹತ್ತಿರದ ದಾರಿ ಇದೇ ಎಂದು ನನ್ನ ಎಣಿಕೆ. ಮಳೆಗಾಲ, ಚಳಿಗಾಲ, ಬೇಸಿಗೆಗೆ ಬೇರೆಬೇರೆ ಕಾವಲು ಎಂಬ ಹಳೆಯ ಮೇವಿನ ಏರ್ಪಾಟು, ಹಕ್ಕಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ, ಗಿಡ್ಡ ಮತ್ತು ಎತ್ತರದ ಹುಲ್ಲು ಅಕ್ಕಪಕ್ಕದಲ್ಲೇ ಉಳಿಯಲು ಅನುವು ಮಾಡಿತ್ತು.

ಬರೀ ಜಾತಿಗಳ ಎಣಿಕೆ ದಾರಿ ತಪ್ಪಿಸುವುದಕ್ಕೆ ರಾಣೆಬೆನ್ನೂರು ಒಳ್ಳೆಯ ನಿದರ್ಶನ. ಸುಮಾರು 119 ಚದರ ಕಿಲೋಮೀಟರಿನ ಈ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು. ಅದರ ಬಹುಪಾಲು ನೆಲದಲ್ಲಿ ಎದ್ದಿದ್ದು ನೀಲಗಿರಿ ನೆಡುತೋಪು. ಬಯಲಿನಲ್ಲೇ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಎರೆಲಡ್ಡು ಹಿಂದೆ ಅಲ್ಲಿ ಕಾಣುತ್ತಿತ್ತು. ದೂರದವರೆಗೆ ಕಣ್ಣು ಹಾಯುವ ನೆಲವೇ ಅದರ ಕಾವಲುಗಾರ. ಮರಗಳ ಸಾಲು ಆ ನೋಟಕ್ಕೆ ಅಡ್ಡ ನಿಲ್ಲುತ್ತದೆ. ತೋಪಿಗೆ ಬುಲ್‌ಬುಲ್, ಕಾಜಾಣ ಬರುತ್ತವೆ. ಆಗ ಒಟ್ಟು ಜಾತಿಗಳ ಎಣಿಕೆ ಕುಗ್ಗದೆಯೂ ಇರಬಹುದು. ಸಮೀಕ್ಷೆಯ ಹಾಳೆಯಲ್ಲಿ ಸಸ್ಯಗಳ ಸಾಲಿಗೆ ನೀಲಗಿರಿ ಒಂದು ಅಂಕಿಯಾಗಿ ಸೇರುತ್ತದೆ, ನೆಲಗುಬ್ಬಿಯ ಮುಂದೆ ಸೊನ್ನೆ ಬೀಳುತ್ತದೆ.