ತಿಪಟೂರಿಗೇ ಹೋಗಿ ತೆಂಗಿನಕಾಯಿ ಮಾರಿದವರು

ಭಾರತದ ವಿಸ್ಕಿ ಅಂದ್ರೆ ಯುರೋಪಿನವರು ಮೂಗು ಮುರೀತಿದ್ರು. ಕಾರಣವೂ ಇತ್ತು. ನಮ್ಮಲ್ಲಿ ವಿಸ್ಕಿ ಹೆಸರಲ್ಲಿ ಮಾರುತ್ತಿದ್ದದ್ದು ಬಹುಪಾಲು ಕಾಕಂಬಿಯ ಸ್ಪಿರಿಟ್. ಅಲ್ಲಿನ ಕಾನೂನು ಅದನ್ನು ವಿಸ್ಕಿ ಅಂತ ಒಪ್ಪುವುದೇ ಇಲ್ಲ.

ಅಂಥದ್ದರಲ್ಲಿ 2004ರಲ್ಲಿ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಬಾರ್ಲಿಯಿಂದ ಮಾಡಿದ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ತಿಪಟೂರಿಗೇ ಹೋಗಿ ತೆಂಗಿನಕಾಯಿ ಮಾರಿದ ಹಾಗೆ.

ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯೊಳಗಿನ ವಿಸ್ಕಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ, ಬೆಂಗಳೂರಲ್ಲಿ ಸುಮಾರು ಶೇ. 10. ನಷ್ಟವೇ. ಆದರೆ ಅದೇ ಬಿಸಿಲು ನಾಲ್ಕೈದು ವರ್ಷದಲ್ಲೇ ವಿಸ್ಕಿಯನ್ನು ಹದಕ್ಕೆ ತರುತ್ತೆ.

ದೇಶದೇಶದ ವಿಸ್ಕಿ ಸವಿದು ಅಂಕ ಕೊಡುವ ಜಿಮ್ ಮರ್ರಿ, 2010ರ ‘ವಿಸ್ಕಿ ಬೈಬಲ್’ನಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟರು. ಕುಡೀರಿ ಅಂತ ಹೇಳ್ತಿಲ್ಲ ಸ್ವಾಮಿ. ಊರಿನ ಹೆಸರು ಕೇಳಿ ಬೆಲೆ ಕಟ್ಟೋರಿಗೆ ಉತ್ತರ ಮಾತಲ್ಲಲ್ಲ, ಮಾಲಿನಲ್ಲಿರಬೇಕು.