ಹಿರಿಯರ ನೆನಪಿನಲ್ಲಿ ನಾಡ ಚರಿತ್ರೆ

ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವನ ಕೈಗೆ ಮೊದಲು ದೊರಕುವುದು ಜ್ಞಾನಸ್ನಾನ, ವಿವಾಹ ಹಾಗೂ ಮರಣಗಳ ದಾಖಲೆ ಪುಸ್ತಕಗಳು. ಅವುಗಳಲ್ಲಿ ಹೆಸರುಂಟು, ತಾರೀಖುಂಟು. ಆದರೆ ಆ ಹೆಸರಿನವನು ಯಾವ ಊರನ್ನು ಬಿಟ್ಟು, ಯಾವ ಕಷ್ಟಕ್ಕೆ, ಯಾವ ಕೆಲಸವನ್ನರಸಿ ಇಲ್ಲಿಗೆ ಬಂದನೆಂಬ ವಿವರವಿಲ್ಲ. ಅದು ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಈ ಮಾತು ವಿಶೇಷವಾಗಿ ಒಪ್ಪುತ್ತದೆ. 1947ರವರೆಗೆ ಈ ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಅಜ್ಜಂಪುರವು ಅಮೃತಮಹಲ್ ತಳಿಯ ದನಗಳಿಗೆ ಪ್ರಸಿದ್ಧ. ಮೈಸೂರು ಅರಸರ ಕಾಲದಿಂದ ಅವುಗಳಿಗೆ ಮೀಸಲಾದ ಹುಲ್ಲುಗಾವಲುಗಳಿಗೆ ಕಾವಲುಗಳೆಂದು ಹೆಸರು. ಕಾವಲುಗಳ ವಿಸ್ತೀರ್ಣ ಸರ್ಕಾರದ ಕಡತದಲ್ಲಿದೆ. ದನಗಳೊಡನೆ ಕಾವಲಿನಿಂದ ಕಾವಲಿಗೆ ಅಲೆದವರ ಬಾಳು ಅಲ್ಲಿಲ್ಲ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಜಲಾಶಯದ ಪೂರ್ಣಮಟ್ಟ 186 ಅಡಿಯೆಂದು ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗಳಲ್ಲಿ ಓದುತ್ತೇವೆ. ಆ ನೀರಿನಡಿಯಲ್ಲಿ ಮನೆಮಠ ಕಳೆದುಕೊಂಡವರ ಮಾತನ್ನು ಓದುವುದೆಲ್ಲಿ?

2002ರ ಸುಮಾರಿಗೆ ಭದ್ರಾ ಅಭಯಾರಣ್ಯದೊಳಗಿನ 400ಕ್ಕೂ ಹೆಚ್ಚು ಕುಟುಂಬಗಳು ಕಾಡನ್ನು ಬಿಟ್ಟು ಬಂದವು. ಅವುಗಳಲ್ಲಿ ಬಹುಪಾಲು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ಆ ಬಳಿಕ ಹುಟ್ಟಿದ ಮಕ್ಕಳು ಇಂದು ಕಾಲೇಜಿಗೆ ಹೋಗುವ ವಯಸ್ಸಿನವರು. ಅಜ್ಜಿ ನೀರು ಹೊತ್ತ ಹಳ್ಳವನ್ನು, ಅಜ್ಜ ಉತ್ತ ಗದ್ದೆಯನ್ನು ಅವರು ಕಂಡವರಲ್ಲ. ಹಿರಿಯರು ಹೇಳಿದರಷ್ಟೇ ಅವರಿಗೆ ತಿಳಿದೀತು. ಹೇಳದೆ ಹೋದರೆ ಆ ಊರುಗಳು ಎರಡನೆಯ ಬಾರಿ ಅಳಿದಂತೆಯೇ ಸರಿ.

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಕಾಲೇಜು ವಿದ್ಯಾರ್ಥಿಗಳನ್ನು ಏಳು ದಿನಗಳ ಶಿಬಿರಕ್ಕಾಗಿ ಹಳ್ಳಿಗಳಿಗೆ ಕರೆತರುತ್ತದೆ. ಹಗಲಿನ ಶ್ರಮದಾನ ಮುಗಿದ ಮೇಲೆ ಸಂಜೆಯ ಒಂದು ಗಳಿಗೆಯನ್ನು ಹಿರಿಯರ ಜಗಲಿಗೆ ಮೀಸಲಿಡುವುದು ಕಷ್ಟವೇನಲ್ಲ. ಚರಿತ್ರೆಯನ್ನು ಹೇಳಿರೆಂದು ಕೇಳಿದರೆ ವೃದ್ಧರು ತಮಗೇನೂ ತಿಳಿಯದೆನ್ನುವರು. ಮೊದಲ ಕೂಲಿ ಎಷ್ಟು, ಬರಗಾಲದಲ್ಲಿ ಉಂಡದ್ದೇನು, ಮದುವೆಯ ಗಾಡಿ ಯಾವ ದಾರಿಯಾಗಿ ಬಂತು ಎಂದು ಕೇಳಿದರೆ ಮಾತು ತಾನಾಗಿ ಹರಿಯುವುದು. ಕೇಳಿದವರು ತಮ್ಮ ಮನೆಯ ಕಥೆಯನ್ನೂ, ಪರೀಕ್ಷೆಯ ಹಾಗೂ ಉದ್ಯೋಗದ ಚಿಂತೆಯನ್ನೂ ಹೇಳಿಕೊಳ್ಳಲಿ. ಒಂದು ಕಡೆಯಿಂದಲೇ ನಡೆಯುವ ಮಾತು ವಿಚಾರಣೆಯಾಗುತ್ತದೆ. ಎರಡು ಕಡೆಯಿಂದ ನಡೆದಾಗಲೇ ಅದು ನಂಟು. ತನ್ನ ಬಾಳು ವ್ಯರ್ಥವಾಗಲಿಲ್ಲವೆಂದು ಹಿರಿಯರಿಗೂ, ತನ್ನ ಅಳಲು ಹೊಸದಲ್ಲವೆಂದು ಕಿರಿಯರಿಗೂ ಅಲ್ಲಿ ಅರಿವಾಗುತ್ತದೆ.

ಆದುದರಿಂದ ನಮ್ಮ ಯುವಜನರಲ್ಲಿ ಒಂದು ಬಿನ್ನಹ: ಹೇಳಿದವರ ಒಪ್ಪಿಗೆ ಪಡೆದು, ಅವರ ಮಾತನ್ನು ಅವರ ಆಡುನುಡಿಯಲ್ಲಿಯೇ ಬರೆದಿಡಿರಿ. ಮುಂದೆ ಚರಿತ್ರೆ ಬರೆಯುವವನಿಗೆ ದಾಖಲೆ ಪುಸ್ತಕದ ಪಕ್ಕದಲ್ಲಿ ನಿಮ್ಮ ನೋಟುಬುಕ್ಕೂ ದೊರಕಲಿ.